ನೆಗೆಣ್ಣಿಯ ಒಪ್ಪಿಗೆ

ನನ್ನ ನೆಗೆಣ್ಣಿಗೆ ಎಲ್ಲರೆದುರು ಬೈಗುಳ ಬೀಳುತ್ತಿದ್ದವು, ನನಗೆ ಬೀಳುತ್ತಿರಲಿಲ್ಲ. ನನ್ನ ಹೊಟ್ಟೆಕಿಚ್ಚಿಗೆ ಇದ್ದ ಕಾರಣ ಇಷ್ಟೇ. ಹೇಳಿದರೆ ಜನ ನಗುತ್ತಾರೆ. ಬೈಸಿಕೊಳ್ಳುವವಳನ್ನು ಕಂಡು ಯಾರಾದರೂ ಕರುಬುತ್ತಾರೇನು ಎಂದು ಕೇಳುತ್ತಾರೆ. ನಾನು ಕರುಬಿದ್ದೇನೆ, ಚೆನ್ನಾಗಿಯೇ ಕರುಬಿದ್ದೇನೆ. ಮದುವೆಯಲ್ಲಿ ಅತ್ತೆ ಅವಳಿಗೆ ನನ್ನವಕ್ಕಿಂತ ದಪ್ಪನೆಯ ಪಾಟಲಿ ಬಳೆ ಹಾಕಿದಾಗಲೂ ನನ್ನ ಹೊಟ್ಟೆ ಇಷ್ಟು ಉರಿದಿರಲಿಲ್ಲ.

ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ನಾನು ಹೊಸಪೇಟೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತಳಾದವಳು. ಅವಳ ಮನೆ ಸಂಡೂರಿನಲ್ಲಿ. ಮೈದುನ ಯಶವಂತನಗರದ ಕಡೆ ಒಂದು ಗಣಿಯ ಆಫೀಸಿನಲ್ಲಿದ್ದಾನೆ. ಪಿಯುಸಿಯ ಇಂಗ್ಲಿಷಿಗೆ ದೂರದಿಂದಲೇ ಕೈಮುಗಿದು ಮದುವೆ ಮಂಟಪ ಹತ್ತಿದವಳು ಅವಳು. ಬಾಯಿ ಮಾತ್ರ ಜೋರು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎನ್ನುವ ಗಾದೆ ಅವಳನ್ನು ನೋಡಿಯೇ ಹುಟ್ಟಿರಬೇಕು. ನಮ್ಮದು ಮಡಿ, ಹಿರಿತನ, ಏಕಾದಶಿ ಎಲ್ಲವನ್ನೂ ಇನ್ನೂ ನಡೆಸಿಕೊಂಡು ಬಂದಿರುವ ವೈಷ್ಣವರ ಮನೆ. ಹಬ್ಬದಲ್ಲಿ ಅವಳು ನನ್ನ ಕಾಲಿಗೆ ನಮಸ್ಕಾರ ಮಾಡುತ್ತಾಳೆ, ಹೂರಣಕ್ಕೆ ಬೆಲ್ಲ ಸಾಕೋ ಇನ್ನೂ ಬೇಕೋ ಎಂದು ನನ್ನನ್ನೇ ಕೇಳುತ್ತಾಳೆ. ಮನೆಯ ಹೊರಗೂ ಇದೇ ಕ್ರಮ ನಡೆಯುತ್ತದೆ ಎಂದುಕೊಂಡಿದ್ದೆ.

ಹೊರಗಿನ ಕತೆ ಶುರುವಾದದ್ದು ಒಂದು ಬಸ್ಸಿನ ಆ್ಯಪಿನಿಂದ. ಪಾಪಿನಾಯಕನಹಳ್ಳಿಯ ರೈತರ ಮನೆಯ ಹುಡುಗಿಯೊಬ್ಬಳು ನನ್ನ ಕೈಯಲ್ಲಿ ಕನ್ನಡ ಕಲಿತಿದ್ದಳು. ಈಗ ಅವಳೇ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಗೆಳೆಯರ ಜೊತೆ ಸೇರಿ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸುತ್ತಿನ ಬಸ್ಸುಗಳಿಗೆಂದು ಆ್ಯಪ್ ಮಾಡಿದ್ದಳು. ಬಸ್ಸು ಎಲ್ಲಿ ನಿಲ್ಲುತ್ತದೆ, ಎಷ್ಟೊತ್ತಿಗೆ ಬರುತ್ತದೆ, ಬರದೇ ಹೋದರೆ ಏನು ದಾರಿ, ಇವೆಲ್ಲ ಅದರಲ್ಲಿ ಕಾಣಬೇಕು. ಅದನ್ನು ಓಪನ್ ಸೋರ್ಸ್ ಎನ್ನುತ್ತಿದ್ದರು. ಅಂದರೆ ಅದು ಒಬ್ಬರ ಸ್ವತ್ತಲ್ಲ. ಆ್ಯಪಿನ ಒಳಗೆ ಬರೆದಿದ್ದನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಕಳಿಸಬಹುದು. ಕಳಿಸಿದ್ದನ್ನು ತಂಡದ ಒಬ್ಬರು ನೋಡಿ ಒಪ್ಪಿಗೆ ಕೊಟ್ಟರೆ ಅದು ಆ್ಯಪಿಗೆ ಸೇರುತ್ತದೆ.

ಒಂದು ಸಂಜೆ ಆ ಹುಡುಗಿ ನಮ್ಮ ಮನೆಗೆ ಬಂದಳು. "ಕೋಡ್ ಬರಿಯಾಕ ನಾವು ಅದೀವಿ ಮೇಡಂ. ಓದೋರಿಗೆ ತಿಳಿಯೋ ಹಂಗ ಬರಿಯೋರು ಇಲ್ಲ. ಬಸ್ಸಿನ್ಯಾಗ ಓಡಾಡಿ ಇದು ತಪ್ಪೈತಿ ಅಂತ ಹೇಳೋರು ಇಲ್ಲ. ಕಂಪ್ಯೂಟರ್ ಬರದಿದ್ರೂ ಚಿಂತಿಲ್ಲ, ನೀವು ಬರ್ರಿ," ಎಂದಳು.

ಹಳೆಯ ಶಿಷ್ಯೆ ಬಾಗಿಲಿಗೆ ಬಂದು ಕರೆದರೆ ಯಾರಿಗೆ ಬೇಡ? ನಾನು ಹೂಂ ಎನ್ನುವಷ್ಟರಲ್ಲಿ, ಹಬ್ಬಕ್ಕೆಂದು ಬಂದು ಒಳಗೆ ಶ್ಯಾವಿಗೆ ಹುರಿಯುತ್ತಿದ್ದ ನೆಗೆಣ್ಣಿ ಸೌಟು ಹಿಡಿದುಕೊಂಡೇ ಪಡಸಾಲೆಗೆ ಬಂದಳು. "ನಾನೂ ಬರ್ಲೇನ್ರಿ? ನನಗ ಏನೂ ಬರಂಗಿಲ್ಲ ಮತ್ತ."

ಹುಡುಗಿ ನಕ್ಕುಬಿಟ್ಟಳು. "ಬರ್ರಿ ಅಕ್ಕಾರ, ಏನೂ ಬರದವ್ರೇ ನಮಗ ಬೇಕಾಗ್ಯಾರ."

ಕರೆಯದೆ ಎಲೆಗೆ ಕೂತವಳು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆದರೂ ಹಿರಿಯಳಲ್ಲವೇ, "ಬರಲಿ ಬಿಡು" ಎಂದೆ.

ಭಾನುವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಒಂದು ಟ್ಯೂಷನ್ ಕೋಣೆಯಲ್ಲಿ ಎಲ್ಲರೂ ಸೇರುತ್ತಿದ್ದರು. ಅಲ್ಲಿ ನನಗೆ ಫ್ಯಾನಿನ ಕೆಳಗೆ ಕೈಯಿರುವ ಕುರ್ಚಿ. ಕಾಫಿ ಪ್ರತ್ಯೇಕವಾಗಿ ಸ್ಟೀಲ್ ಲೋಟದಲ್ಲಿ ಬರುತ್ತಿತ್ತು. ಹೊರಗಿನ ಮಿರ್ಚಿ ಮಂಡಕ್ಕಿ ನಾನು ಮುಟ್ಟುವುದಿಲ್ಲ ಎಂದು ಬಾಳೆಹಣ್ಣು ತಂದಿಡುತ್ತಿದ್ದರು. ನೆಗೆಣ್ಣಿ ಸಂಡೂರಿನ ಬಸ್ಸು ಇಳಿದು, ಸೆರಗಿಗೆ ಹತ್ತಿದ ಅದಿರಿನ ಕೆಂಪು ಧೂಳು ಕೊಡವುತ್ತ ಬಂದು, ಬೆಂಚಿನ ತುದಿಯಲ್ಲಿ ಯಾರನ್ನೋ ಸರಿಸಿ ಕೂತು, ಪೇಪರಿನ ಮೇಲೆ ಹರವಿದ ಮಿರ್ಚಿಗೆ ಎಲ್ಲರ ಜೊತೆ ಕೈ ಹಾಕುತ್ತಿದ್ದಳು. ಏಕಾದಶಿಯ ದಿನ ಮಾತ್ರ ನನ್ನ ಮುಖ ನೋಡಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ಮೊದಮೊದಲು ನನಗೆ ಆ ಕುರ್ಚಿ ಹಿಡಿಸಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಹಿಡಿಸಿತ್ತು.

ನನಗೆ ಕೊಟ್ಟ ಕೆಲಸ ಆ್ಯಪಿನ ಸಹಾಯದ ಪುಟಗಳನ್ನು ಬರೆಯುವುದು. ಹಂಪಿಗೆ ಹೋಗುವವರು ಎಲ್ಲಿ ಇಳಿಯಬೇಕು, ಬುಕ್ಕಸಾಗರಕ್ಕೆ ಎಲ್ಲಿ ಬಸ್ಸು ಹಿಡಿಯಬೇಕು, ಕೊನೆಯ ಬಸ್ಸು ತಪ್ಪಿದರೆ ಏನು ಮಾಡಬೇಕು, ಇಂಥವು. ಫೋನಿನಲ್ಲಿ ಅಕ್ಷರ ಒತ್ತುವುದು ನನಗೆ ಆಗದು. ಬಾಯಲ್ಲಿ ಹೇಳುತ್ತ ಹೋದರೆ ಅದೇ ಬರೆದುಕೊಳ್ಳುತ್ತಿತ್ತು. ಬುಕ್ಕಸಾಗರದ ಪುಟದಲ್ಲಿ ಕಾಲುವೆಯ ನೀರು, ಭತ್ತದ ಗದ್ದೆ, ನಾಟಿ ಹೆಂಗಸರ ಹಾಡು ಎಲ್ಲವನ್ನೂ ತಂದಿದ್ದೆ. ಕಳಿಸಿದ ಸ್ವಲ್ಪ ಹೊತ್ತಿಗೆ ಹುಡುಗಿಯ ಉತ್ತರ ಬರುತ್ತಿತ್ತು, "ಭಾಳ ಚಂದ ಬರದೀರಿ ಮೇಡಂ." ಹಿಂದೆಯೇ ಕೈಮುಗಿದ ಚಿತ್ರ. ಫೋನಿನ ಗುಂಪಿನಲ್ಲಿದ್ದ ಮಿಕ್ಕವರೆಲ್ಲ ಹೂವಿನ ಚಿತ್ರ ಹಾಕುತ್ತಿದ್ದರು. ಒಪ್ಪಿಗೆ ಕೂಡಲೇ ಸಿಕ್ಕಿಬಿಡುತ್ತಿತ್ತು.

ನೆಗೆಣ್ಣಿಯ ಕೆಲಸ ಬಸ್ಸಿನಲ್ಲಿ ಓಡಾಡಿ ಆ್ಯಪಿನ ತಪ್ಪು ಹಿಡಿಯುವುದು. ಹಿಡಿದದ್ದರಲ್ಲಿ ಅರ್ಧ ಅವಳದೇ ತಪ್ಪು. ಒಂದು ವಾರ ಆ್ಯಪ್ ಕಪ್ಪಾಗಿದೆ ಎಂದು ಗಲಾಟೆ ಮಾಡಿದಳು. ನೋಡಿದರೆ ಫೋನಿನ ಬೆಳಕನ್ನು ತಾನೇ ಪೂರ್ತಿ ಇಳಿಸಿಕೊಂಡಿದ್ದಳು. ಒಂದೇ ದೂರಿನಲ್ಲಿ ಬಸ್ಸು, ಫೋನು, ಕಂಡಕ್ಟರು, ಮಳೆ ಎಲ್ಲವನ್ನೂ ತುಂಬುತ್ತಿದ್ದಳು. ಆಗ ಹುಡುಗಿ ಅವಳಿಗೆ ಎಲ್ಲರೆದುರು ಮಂಗಳಾರತಿ ಎತ್ತುತ್ತಿದ್ದಳು.

"ಎಷ್ಟು ಸಲ ಹೇಳಬೇಕಕ್ಕ ನಿನಗ? ಒಂದು ತಪ್ಪಿಗೆ ಒಂದು ದೂರು ಹಾಕು. ಎಲ್ಲಾ ಕಲಸಿ ಚಿತ್ರಾನ್ನ ಮಾಡಬ್ಯಾಡ."

"ಎಲ್ಲಾ ತಪ್ಪೂ ಒಂದೇ ಬಸ್ಸಿನ್ಯಾಗ ಇದ್ರ ನಾ ಏನು ಮಾಡ್ಲಿ?"

"ಬ್ಯಾರೆ ಬ್ಯಾರೆ ಮಾಡಿ ಬರಿ. ಬರಿಯೋ ತನಕ ನಿನಗ ಮಿರ್ಚಿ ಇಲ್ಲ."

ಒಮ್ಮೆ ನೆಗೆಣ್ಣಿ ಆ್ಯಪ್ ತೋರಿಸಿದ ಯಶವಂತನಗರದ ಬಸ್ಸಿಗೆ ಕಾದು ನಿಂತಿದ್ದಳು. ಬಸ್ಸು ಬಂತು, ಆದರೆ ಅದು ಗಣಿ ಕೆಲಸದವರನ್ನು ಕರೆದೊಯ್ಯುವ ಕಂಪನಿ ಬಸ್ಸು, ಇವಳನ್ನು ಹತ್ತಿಸಿಕೊಳ್ಳಲಿಲ್ಲ. ಬೆಂಕಿಯಾಗಿ ಬಂದಳು. ಹುಡುಗಿ ಸುಮ್ಮನೆ ಒಪ್ಪಲಿಲ್ಲ. "ಒಂದು ದಿನ ನೋಡಿದ್ರ ಹೆಂಗಕ್ಕ? ಒಂದು ವಾರ ನಿಂತು ನೋಡಿ ಬಾ," ಎಂದಳು. ಇವಳು ವಾರವಿಡೀ ಲಾರಿಗಳ ಧೂಳಿನಲ್ಲಿ ನಿಂತು, ಮುಂದಿನ ಭಾನುವಾರ ಗೆದ್ದವಳಂತೆ ಬಂದು ಕೂತಳು. ಬಸ್ಸನ್ನು ಆ್ಯಪಿನಿಂದ ತೆಗೆದರು. ಅಷ್ಟರಲ್ಲಿ "ಬರ್ರಿ ಅಕ್ಕಾರ" ಎನ್ನುವುದು ಹೋಗಿ "ಬಾರಕ್ಕ, ತಡ ಯಾಕ ಮಾಡಿದಿ?" ಎಂದಾಗಿತ್ತು. ನಾನು ಮಾತ್ರ "ಮೇಡಂ, ನೀವು ಕುಂದ್ರಿ" ಆಗಿಯೇ ಉಳಿದಿದ್ದೆ. ನಾನು ಕುಂತೇ ಇದ್ದೆ.

ಹೊಟ್ಟೆಯಲ್ಲಿ ಏನೋ ಸಣ್ಣಗೆ ಹೊಗೆಯಾಡಲು ಶುರುವಾಗಿದ್ದು ಆಗಲೇ. ಏನೆಂದು ಗೊತ್ತಾಗಲು ಮಾತ್ರ ಕಮಲಾಪುರದ ಬಸ್ ನಿಲ್ದಾಣಕ್ಕೆ ಹೋಗಬೇಕಾಯಿತು.

ಅಲ್ಲಿ ಹಂಪಿಯ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಫೋನಿನಲ್ಲಿ ನಮ್ಮ ಆ್ಯಪ್ ಇತ್ತು. ಖುಷಿಯಾಗಿ, "ಇದರ ಪುಟ ಬರದದ್ದು ನಾನೇ" ಎಂದು ಹೇಳಿ, ಹಂಪಿಯ ಪುಟ ತೆಗೆಸಿ, ಪಾಠ ಓದುವ ದನಿಯಲ್ಲಿ ಗಟ್ಟಿಯಾಗಿ ಓದಿದೆ. "ದೇವಸ್ಥಾನದ ಎದುರಿನ ಬೀದಿಯ ಕಡೆಗೆ ನಡೆಯಿರಿ. ಎಡಕ್ಕೆ ಹೊಳೆಯ ದಾರಿ ಕಾಣುತ್ತದೆ. ಇವತ್ತು ಅರ್ಧ ಲೀಟರ್ ಸಾಕಮ್ಮ, ನಿನ್ನೆಯದು ಒಡೆದುಹೋಯಿತು." ಬಾಯಿ ಅಲ್ಲೇ ನಿಂತಿತು. ಫೋನಿಗೆ ಪುಟ ಹೇಳುತ್ತಿದ್ದ ಹೊತ್ತಿನಲ್ಲಿ ಹಾಲಿನವಳು ಬಂದಿದ್ದಳು. ಅವಳಿಗೆ ಹೇಳಿದ್ದನ್ನೂ ಫೋನು ಬರೆದುಕೊಂಡಿತ್ತು.

"ಅಲ್ಲಿ ಹಾಲೂ ಸಿಗ್ತೈತೇನ್ರಿ?" ಎಂದು ಆ ಹೆಂಗಸು ಕೇಳಿದಳು.

ನನಗೆ ನಗು ಬರಲಿಲ್ಲ. ಈ ಪುಟಕ್ಕೆ ತಿಂಗಳುಗಳ ಹಿಂದೆ ಎಷ್ಟು ಹೂವು ಬಿದ್ದಿದ್ದವು! ಮನೆಗೆ ಬಂದು ಆ ಸಾಲನ್ನು ಅಳಿಸಿ ಕಳಿಸಿದೆ. ಕೂಡಲೇ ಉತ್ತರ ಬಂತು, "ಭಾಳ ಚಂದ ಬರದೀರಿ ಮೇಡಂ." ಕೈಮುಗಿದ ಚಿತ್ರ. ನಾನು ಏನೂ ಬರೆದಿರಲಿಲ್ಲ, ಅಳಿಸಿದ್ದೆ.

ಅಂದು ಊಟ ಸೇರಲಿಲ್ಲ. ನಾನು ಸರ್ವಿಸು ಪೂರ್ತಿ ಮಕ್ಕಳ ಬರಹಕ್ಕೆ ಕೆಂಪು ಶಾಯಿ ಹಾಕಿದವಳು. ಕೆಂಪು ಹಾಕಬೇಕಾದರೆ ಮೊದಲು ಓದಬೇಕು, ಓದದೆ ತಪ್ಪು ಕಾಣುವುದಿಲ್ಲ. ನನ್ನ ಬರಹಕ್ಕೆ ಇವರು ಹೂವು ಹಾಕುತ್ತಿದ್ದರು, ಓದುತ್ತಿರಲಿಲ್ಲ. ಟೀಚರ್ ಬರೆದದ್ದನ್ನು ಶಿಷ್ಯೆ ತಿದ್ದುವುದು ಹೇಗೆ ಎಂದು ಕಣ್ಣು ಮುಚ್ಚಿ ಒಪ್ಪುತ್ತಿದ್ದರು. ಮರ್ಯಾದೆ ಎಂದರೆ ಮರ್ಯಾದೆಯೇ. ಆದರೆ ಆ ಸಂಡೂರಿನವಳ ಚಿತ್ರಾನ್ನವನ್ನು ಸಾಲು ಸಾಲು ಬಿಡಿಸಿ ಓದುತ್ತಿದ್ದರಲ್ಲ! ಅವಳ ಒಂದು ದೂರಿಗೆ ಬಂದಷ್ಟು ಪ್ರಶ್ನೆ ನನ್ನ ಎಲ್ಲ ಪುಟಗಳಿಗೂ ಸೇರಿ ಬಂದಿರಲಿಲ್ಲ. ನನ್ನದನ್ನೂ ಒಬ್ಬರು ಹಾಗೆ ಓದಲಿ, ಇದು ತಪ್ಪು ಎನ್ನಲಿ ಎಂದು ಜೀವ ಹಾತೊರೆಯಿತು. ಬಾಯಿಬಿಟ್ಟು ಕೇಳಲು ಹಿರಿತನ ಅಡ್ಡ ಬಂತು. ನನ್ನನ್ನು ಬೈಯಿರಿ ಎಂದು ಯಾರಾದರೂ ಅರ್ಜಿ ಹಾಕುತ್ತಾರೆಯೇ?

ಆಮೇಲೆ ಹೊಸಬರನ್ನು ಕರೆಯುವ ಕೆಲಸ ಬಂತು. ಕೋಡ್ ಬಾರದವರು ಇನ್ನಷ್ಟು ಮಂದಿ ಬೇಕೆಂದು ಹುಡುಗಿ ಹೇಳಿದಾಗ, ಬಂದವರನ್ನು ಬರಮಾಡಿಕೊಳ್ಳುವುದರಲ್ಲಾದರೂ ನೆಗೆಣ್ಣಿಯನ್ನು ಮೀರಿಸುತ್ತೇನೆ ಎಂದುಕೊಂಡೆ. ಬಂದ ಹೆಂಗಸರಿಗೆ ಅರಿಶಿನ ಕುಂಕುಮ ಕೊಟ್ಟೆ, ಕಾಫಿ ಕೊಡಿಸಿದೆ, ಓಪನ್ ಸೋರ್ಸ್ ಎನ್ನುವ ಮುಕ್ತ ತಂತ್ರಾಂಶ ಎಂದರೇನು, ಅದರ ಹಿಂದಿನ ಉದಾತ್ತ ವಿಚಾರ ಏನು ಎಂದು ಸಾವಕಾಶವಾಗಿ ತಿಳಿಸಿ ಹೇಳಿದೆ. ಅವರು ತಲೆಯಾಡಿಸಿದರು, ಕಾಫಿ ಕುಡಿದರು, ಬಂದ ದಾರಿಗೆ ಸುಂಕವಿಲ್ಲ ಎಂದು ಹೊರಟರು. ಒಬ್ಬರೂ ತಿರುಗಿ ಬರಲಿಲ್ಲ.

ನೆಗೆಣ್ಣಿಯದು ಬೇರೆಯೇ ರೀತಿ. ಕಂಪ್ಲಿಯಿಂದ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಬಂದಳು. ಅವಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಇವಳು ಫೋನು ಹಿಡಿದುಕೊಂಡು ಹೋದಳು. "ಕಂಪ್ಲಿಯವ್ರೇನ್ರಿ? ಛಲೋ ಆತು. ಗಂಗಾವತಿ ಬಸ್ ಎಲ್ಲಿ ನಿಂದರ್ತದ, ಈ ನಕ್ಷೆದಾಗ ತೋರಸ್ರಿ. ಅಯ್ಯ, ಅಲ್ಲಲ್ರೀ, ಅಲ್ಲಿ ನಾನು ನಿಂತು ಬಂದೀನಿ."

"ನಮ್ಮೂರು ನನಗ ಗೊತ್ತೋ, ನಿಮಗ ಗೊತ್ತೋ?" ಎಂದಳು ಆಕೆ, ಇನ್ನೂ ಒಂದು ಚಪ್ಪಲಿ ಕಾಲಲ್ಲೇ ಇತ್ತು.

ಇಬ್ಬರ ಜಗಳ ಮಧ್ಯಾಹ್ನದವರೆಗೂ ನಡೆಯಿತು, ಮುಗಿಯಲಿಲ್ಲ. ಮುಗಿಸಲೆಂದು ಆಕೆ ಮುಂದಿನ ಭಾನುವಾರ ಬಂದಳು, ಜೊತೆಗೆ ಸಾಕ್ಷಿ ಹೇಳಲು ತನ್ನ ತಂಗಿಯನ್ನೂ ಕರೆತಂದಳು. ಬುಕ್ಕಸಾಗರದ ರೈತರೊಬ್ಬರು ಹೀಗೇ ಸಿಕ್ಕಿಬಿದ್ದರು. ಕೋಣೆಯ ಬೆಂಚುಗಳು ಸಾಲದಾದವು. ನನ್ನ ಕುರ್ಚಿಯ ಸುತ್ತ ಮಾತ್ರ ಜಾಗ ಧಾರಾಳವಾಗಿ ಖಾಲಿಯಿತ್ತು.

ಒಂದು ಭಾನುವಾರ ಹುಡುಗಿ ಎದ್ದು ನಿಂತು, ಬರಹದ ಪುಟಗಳನ್ನು ನೋಡಿ ಒಪ್ಪಿಗೆ ಕೊಡುವ ಕೆಲಸವನ್ನು ಇನ್ನು ಮೇಲೆ ಕೋಡ್ ಬರೆಯದವರೇ ಮಾಡಬೇಕು ಎಂದಳು. ಕನ್ನಡದ ಕೆಲಸ. ಕೋಣೆಯಲ್ಲಿ ಕನ್ನಡದ ಮೇಷ್ಟ್ರು ಎಂದರೆ ನಾನೊಬ್ಬಳೇ. ಸೆರಗು ಸರಿಮಾಡಿಕೊಂಡು, ಬೇಡ ಎಂದು ಒಂದು ಸಲ ಅಂದು ಆಮೇಲೆ ಒಪ್ಪಿಕೊಳ್ಳುವುದೆಂದು ಸಿದ್ಧಳಾದೆ.

"ಅಕ್ಕ ನೋಡ್ಲಿ," ಎಂದು ಹುಡುಗಿ ನೆಗೆಣ್ಣಿಯ ಕಡೆ ಕೈ ತೋರಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟದಿದ್ದರೆ ಕಾಣುತ್ತದಲ್ಲ.

ಮೆಟ್ಟಿಲ ಹತ್ತಿರ ಹುಡುಗಿಯನ್ನು ತಡೆದೆ. "ನಿನಗ ಕನ್ನಡ ಕಲಿಸಿದಾಕಿ ನಾನು. ಆಕಿ ಅಲ್ಲ."

ಅವಳ ಮುಖ ಸಣ್ಣದಾಯಿತು. "ಹಂಗಲ್ಲ ಮೇಡಂ. ಇದರಾಗ ಮಂದಿ ಕೂಡ ಜಗಳ ಆಡಬೇಕಾಗ್ತೈತಿ. ನೀವು ಹಿರೇರು, ನಿಮಗ್ಯಾಕ ತ್ರಾಸು ಅಂತ."

"ನನಗ ಜಗಳ ಬರಂಗಿಲ್ಲ ಅಂತ ಯಾರು ಹೇಳ್ಯಾರ ನಿನಗ?" ಎಂದು ಕೇಳಬೇಕೆಂದಿದ್ದೆ. "ಇರಲಿ ಬಿಡವಾ" ಎಂದು ಬಂದೆ. ಅಂದಿನ ಸಾರಿಗೆ ಖಾರ ಎಷ್ಟು ಬಿತ್ತೋ ನನಗೇ ತಿಳಿಯಲಿಲ್ಲ. ನಮ್ಮ ಮನೆಯವರು ನೀರು ಕುಡಿಯುತ್ತ ಊಟ ಮುಗಿಸಿದರು, ಏನೂ ಕೇಳಲಿಲ್ಲ. ಅವರಿಗೂ ನನ್ನ ಹಿರಿತನದ ಭಯ.

ಅಲ್ಲಿಂದ ಮುಂದೆ ನಾನು ಒಂದಕ್ಷರವನ್ನೂ ಕಳಿಸಲಿಲ್ಲ. ನನ್ನ ಕಾಲಿಗೆ ನಮಸ್ಕಾರ ಮಾಡುವವಳ ಒಪ್ಪಿಗೆಗೆ ನಾನು ಕಾಯಬೇಕೇ? ಕಾಲು ನೋವು, ಕೆಮ್ಮು, ಪಾರಾಯಣ ಎಂದು ಭಾನುವಾರಗಳನ್ನು ತಪ್ಪಿಸಿದೆ. ಗುಂಪಿನಲ್ಲಿ ಏನು ನಡೆದಿದೆ ಎಂದು ದಿನಾ ನೋಡುವುದನ್ನು ಮಾತ್ರ ಬಿಡಲಿಲ್ಲ. ಅವಳು ಯಾರದೋ ಪುಟ ತಿರುಗಿ ಕಳಿಸಿದ್ದಳು, ಅವರು ಜಗಳಕ್ಕೆ ಬಂದಿದ್ದರು, ಇವಳು ಮತ್ತೆ ಬೈದಿದ್ದಳು. ಓದಿ ಓದಿ ಉರಿದುಕೊಂಡೆ.

ಮಳೆಗಾಲ ಬಂತು. ಮೇಲಿನ ಕಡೆ ಘಟ್ಟದಲ್ಲಿ ಮಳೆ ಜೋರಾಗಿ ಡ್ಯಾಮು ತುಂಬಿತು. ಗೇಟು ತೆಗೆದು ಹೊಳೆಗೆ ನೀರು ಬಿಟ್ಟರೆ ಕಂಪ್ಲಿಯ ಸೇತುವೆ ಮುಳುಗುತ್ತದೆ, ಗಂಗಾವತಿ ಕಡೆಯ ಬಸ್ಸು ನಿಲ್ಲುತ್ತದೆ. ಇದು ನಮ್ಮ ಕಡೆಯ ಎಲ್ಲರಿಗೂ ಗೊತ್ತು, ಆ್ಯಪಿಗೆ ಗೊತ್ತಿರಲಿಲ್ಲ. ಹುಡುಗಿ ಫೋನು ಮಾಡಿ, "ಕಂಪ್ಲಿ ಸೇತುವೆ ಪುಟ ಜಲ್ದಿ ಬೇಕು ಮೇಡಂ, ನೀವೇ ಬರೀರಿ," ಎಂದು ಗೋಗರೆದಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ.

ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿದೆ. ದೂರದಿಂದ ಬಂದವರಿಗೆ ಬಾಗಿಲಲ್ಲೇ ಕೆಟ್ಟ ಸುದ್ದಿ ಹೇಳುವುದಿಲ್ಲ. ಕಾಲಿಗೆ ನೀರು, ಕುಡಿಯಲು ನೀರು, ಒಂದು ತುಂಡು ಬೆಲ್ಲ, ಊರಿನ ಕ್ಷೇಮ ಸಮಾಚಾರ, ಎಲ್ಲ ಆದ ಮೇಲೆ ಮೆಲ್ಲಗೆ ಹೇಳುತ್ತೇವೆ. ನಾನು ಪುಟವನ್ನೂ ಹಾಗೇ ಬರೆದೆ. ಪ್ರಯಾಣಿಕರಿಗೆ ಸ್ವಾಗತ ಹೇಳಿದೆ. ಕಂಪ್ಲಿಯ ಹೊಳೆ, ಆಚೆ ಈಚೆಯ ಗದ್ದೆಗಳು, ಸೇತುವೆಯ ಮೇಲಿನ ಗಾಳಿ ಎಲ್ಲ ಬಂತು. ಕೊನೆಗೆ, ನೀರು ಬಿಟ್ಟಾಗ ಸೇತುವೆ ಮುಳುಗುವುದರಿಂದ ಬಸ್ಸು ಬುಕ್ಕಸಾಗರದ ಕಡೆಯಿಂದ ಸುತ್ತು ಹಾಕಿ ಹೋಗುತ್ತದೆ ಎಂದು ತಿಳಿಸಿ, ಕ್ಷೇಮವಾಗಿ ತಲುಪಿರಿ ಎಂದು ಮುಗಿಸಿದೆ. ಹಾಲಿನವಳು ಬರುವ ಹೊತ್ತು ತಪ್ಪಿಸಿಯೇ ಹೇಳಿದ್ದೆ. ಎಲ್ಲ ಪುಟಗಳಿಗಿಂತ ಇದೇ ಚೆಂದ ಬಂದಿತ್ತು.

ಕಳಿಸಿದೆ. ಹೂವುಗಳು ಬಿದ್ದವು, ಕೈಮುಗಿದ ಚಿತ್ರಗಳು ಬಂದವು. ಅವುಗಳ ಕೆಳಗೆ, ಎಲ್ಲರಿಗೂ ಕಾಣುವ ಹಾಗೆ, ನೆಗೆಣ್ಣಿಯ ಸಾಲು ಬಿತ್ತು.

"ಅಕ್ಕಾ, ಇದು ನಡಿಯಂಗಿಲ್ಲ. ತಿರುಗಿ ಬರೀರಿ."

ಕಿವಿ ಬಿಸಿಯಾದವು. ಕೂಡಲೇ ಅವಳ ನಂಬರು ಒತ್ತಿದೆ. "ಎಲ್ಲಾರ ಮುಂದ ಹಂಗ ಬರೀಲಿಕ್ಕೆ ಧೈರ್ಯ ಹ್ಯಾಂಗ ಬಂತು ನಿನಗ? ಏನು ತಪ್ಪದ ಅದರಾಗ?"

"ಕಡೀಕ ಬರದೀರಲ್ಲ ಅಕ್ಕಾ, ಸೇತುವಿ ಮುಳುಗಿದ್ರ ಬಸ್ಸು ಸುತ್ತು ಹಾಕ್ತದ ಅಂತ, ಅದು ಎಲ್ಲಾಕಿಂತ ಮೊದ್ಲು ಬರಬೇಕು. ಮಳ್ಯಾಗ ನಿಂತಾಕಿ ಅಲ್ಲೀತನ ಓದ್ತಾಳೇನು?"

"ಮನಿಗೆ ಬಂದವರಿಗೆ ಮೊದ್ಲು ನೀರು ಕೊಡ್ತೀವೋ, ಕೆಟ್ಟ ಸುದ್ದಿ ಹೇಳ್ತೀವೋ?"

"ಆಕಿ ನಿಮ್ಮ ಮನಿಗೆ ಬಂದಿಲ್ಲಕ್ಕಾ. ಬಸ್ ಸ್ಟ್ಯಾಂಡಿಗೆ ಬಂದಾಳ. ಕೂಸು ಕಂಕುಳಾಗ ಅದ, ಫೋನಿನ ಮ್ಯಾಲೆ ಮಳಿ ಬೀಳ್ಲಿಕತ್ತದ. ನೀವು ಗಾಳಿ ಬಗ್ಗೆ ಹೇಳ್ಲಿಕತ್ತೀರಿ."

ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. ಗದ್ದೆಯ ವರ್ಣನೆ ಎರಡು ಸಲ ಬಂದಿದೆ ಎಂದಳು. ಸುತ್ತಿ ಹೋಗಲು ಎಷ್ಟು ಹೊತ್ತು ಹೆಚ್ಚು ಬೇಕು ಎನ್ನುವುದನ್ನು ನಾನು ಹೇಳಿಯೇ ಇಲ್ಲ ಎಂದಳು. ಸೇತುವೆಯ ಹತ್ತಿರ ಇಳಿಯಿರಿ ಎಂದರೆ ಯಾವ ದಡದಲ್ಲಿ ಎಂದು ಕೇಳಿದಳು. ಆಮೇಲೆ ಸ್ವಲ್ಪ ದನಿ ಇಳಿಸಿ, "ಕಡೀ ಸಾಲು, ಕ್ಷೇಮವಾಗಿ ತಲುಪಿರಿ ಅಂತ ಬರದೀರಲ್ಲ, ಅದು ಇರಲಿ. ಅದು ಮಸ್ತ್ ಅದ," ಎಂದಳು.

"ಕಡೀ ಸಾಲಿನ ತನಕ ಓದೀಯೇನು?" ಎಂದು ಕೇಳಿದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

"ಓದದ ಹ್ಯಾಂಗ ಬೈಲಿ ಅಕ್ಕಾ?" ಎಂದಳು.

ನನ್ನ ಹೊಟ್ಟೆಕಿಚ್ಚು ಅವತ್ತೂ ಆರಲಿಲ್ಲ, ಈಗಲೂ ಆರಿಲ್ಲ. ಒಪ್ಪಿಗೆ ಕೊಡುವ ಆ ಕೆಲಸ ನನಗೇ ಬರಬೇಕಿತ್ತು. ಆದರೆ ಫೋನು ಇಡಲು ಮನಸ್ಸು ಬರಲಿಲ್ಲ. ಗೋಡೆಗೆ ಒರಗಿ ನೆಲದ ಮೇಲೆ ಕೂತು, "ಇನ್ನೇನೇನು ತಪ್ಪದ, ಬಿಡಬ್ಯಾಡ, ಎಲ್ಲಾ ಹೇಳು," ಎಂದೆ.